ತಿಂಗಳ ಓದಿನ ಟಿಪ್ಪಣಿಗೆ ಪುಟಸಂಖ್ಯೆ ಇರಲಿ

ಮಾನ್ಯ ಸಂಪಾದಕರೇ,

ಆಯಾ ತಿಂಗಳು ತಾವು ಓದಿದ ಪುಸ್ತಕಗಳ ಬಗ್ಗೆ ಓದುಗರೇ ಬರೆಯುವ ಅಂಕಣಕ್ಕೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಜಾಗ ಕೊಟ್ಟಿರುವುದು ಒಳ್ಳೆಯ ಕೆಲಸ. ಪತ್ರಿಕೆಗಳಲ್ಲಿ ವಿಮರ್ಶೆಗೆ ಸಿಗುವ ಜಾಗ ಕಿರಿದಾಗುತ್ತಾ ಬಂದಿದೆ. ಬಹಳ ಪುಸ್ತಕಗಳ ಪಾಲಿಗೆ ‘ಸಾದರ ಸ್ವೀಕಾರ’ದ ಎರಡು ಸಾಲೇ ಗತಿ. ಇಂಥ ಹೊತ್ತಿನಲ್ಲಿ, ದುಡ್ಡು ಕೊಟ್ಟು ತಂದೋ ಗ್ರಂಥಾಲಯದಿಂದ ಎರವಲು ಪಡೆದೋ ಓದಿದವರು ಏನು ಹೇಳುತ್ತಾರೆ ಎನ್ನುವುದಕ್ಕೆ ಬೆಲೆ ಇದೆ. ಆದರೆ ಅಚ್ಚಾಗುತ್ತಿರುವ ಟಿಪ್ಪಣಿಗಳಲ್ಲಿ ಬಹುಪಾಲು ಒಂದೇ ರೀತಿ ಇವೆ. ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ’, ‘ಮನಮಿಡಿಯುವ ಚಿತ್ರಣ’, ‘ಎಲ್ಲರೂ ಓದಲೇಬೇಕಾದ ಕೃತಿ’, ‘ಸಂಗ್ರಹಯೋಗ್ಯ’ ಎಂಬ ಮಾತುಗಳನ್ನು ಯಾವ ಪುಸ್ತಕದ ಹೆಸರಿನ ಕೆಳಗಿಟ್ಟರೂ ಸರಿಹೋಗುತ್ತದೆ. ಬರೆದವರಿಗೆ ಪುಸ್ತಕ ತಟ್ಟಿಲ್ಲ ಎಂದು ನಾನು ಹೇಳುವುದಿಲ್ಲ. ತಟ್ಟಿದ್ದು ಬರವಣಿಗೆಗೆ ಬರುವಷ್ಟರಲ್ಲಿ ಎಲ್ಲಿ ಕಳೆದುಹೋಗುತ್ತದೆ, ಕಳೆಯದಂತೆ ಏನು ಮಾಡಬಹುದು ಎಂಬುದಷ್ಟೇ ಈ ಪತ್ರದ ವಿಷಯ.

ತೊಂದರೆ ಶುರುವಾಗುವುದು ತಿಂಗಳ ಕೊನೆಯಲ್ಲಿ. ಮೊದಲ ವಾರ ಓದಿ ಮುಗಿಸಿದ ಕಾದಂಬರಿ 30ನೇ ತಾರೀಖಿನ ಹೊತ್ತಿಗೆ ಮಸುಕಾಗಿರುತ್ತದೆ. ಕಥೆ ನೆನಪಿರುತ್ತದೆ, ಹಿಡಿಸಿತು ಎಂಬುದೂ ನೆನಪಿರುತ್ತದೆ, ಯಾವುದು ಹಿಡಿಸಿತು ಎಂಬುದು ಮಾತ್ರ ಹೋಗಿರುತ್ತದೆ. ಆಗ ಕೈ ತಾನಾಗಿಯೇ ಬೆನ್ನುಡಿಯ ಕಡೆ ಹೋಗುತ್ತದೆ, ಅಲ್ಲಿಂದ ಮುನ್ನುಡಿಗೆ. ಮುನ್ನುಡಿ ಬರೆದವರು ಸಾಮಾನ್ಯವಾಗಿ ಹಿರಿಯರು, ಅವರ ಪದಗಳಿಗೆ ತೂಕ ಹೆಚ್ಚು. ‘ಗ್ರಾಮೀಣ ಬದುಕಿನ ತಲ್ಲಣಗಳು’, ‘ಸ್ತ್ರೀ ಸಂವೇದನೆಯ ನೆಲೆಗಳು’ ಎಂಬ ಅವರ ಮಾತುಗಳು ಓದುಗರ ಟಿಪ್ಪಣಿಯಲ್ಲಿ ಬಂದು ಕೂರುತ್ತವೆ. ಇಂಥ ಟಿಪ್ಪಣಿಯನ್ನು ಗುರುತಿಸುವುದು ಸುಲಭ. ಅದರಲ್ಲಿರುವ ವಿವರಗಳೆಲ್ಲ ಪುಸ್ತಕದ ಮೊದಲ ಮೂವತ್ತು ಪುಟದವು, ಇಲ್ಲವೇ ಹಿಂಬದಿಯ ರಕ್ಷಾಪುಟದವು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಬಗ್ಗೆ ಬರೆಯುವ ಎಷ್ಟೋ ಮಂದಿ, ಕಥೆ ಶುರುವಾಗುವ ಮುಂಚೆಯೇ ಅಚ್ಚಾಗಿರುವ ‘ಇಲ್ಲಿ ಯಾರೂ ಮುಖ್ಯರಲ್ಲ’ ಎಂಬ ಸಾಲನ್ನು ಎತ್ತಿ ಬರೆದು ಅಲ್ಲೇ ನಿಂತುಬಿಡುತ್ತಾರೆ. ಆ ಸಾಲನ್ನು ಕವಿಯೇ ಹೇಳಿದ್ದಾರೆ, ಮತ್ತೆ ಹೇಳಬೇಕಾಗಿಲ್ಲ. ಅದು ಕಾದಂಬರಿಯೊಳಗೆ ಎಲ್ಲಿ ನಿಜವಾಗಿದೆ ಎಂದು ತೋರಿಸುವುದು ಓದುಗರ ಕೆಲಸ. ಜೀತದಾಳು ಗುತ್ತಿಯ ನಾಯಿ ಹುಲಿಯನಿಗೆ ಕುವೆಂಪು ಎಷ್ಟು ಪುಟ ಕೊಟ್ಟಿದ್ದಾರೆ, ಅದೇ ಹೊತ್ತಿಗೆ ಹೆಗ್ಗಡೆ, ಗೌಡರಿಗೆ ಎಷ್ಟು ಕೊಟ್ಟಿದ್ದಾರೆ ಎಂದು ಒಂದು ಅಧ್ಯಾಯ ಹಿಡಿದು ಹೇಳಿದರೂ ಸಾಕು, ಆ ಟಿಪ್ಪಣಿ ಬೇರೆ ಯಾವ ಪುಸ್ತಕಕ್ಕೂ ಹೊಂದುವುದಿಲ್ಲ.

ಇದಕ್ಕೆ ಉಪಾಯ ತಿಂಗಳ ಕೊನೆಯಲ್ಲಿಲ್ಲ, ಓದುವ ಹೊತ್ತಿನಲ್ಲಿದೆ. ಒಂದು ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಒಂದೊಂದೂ ಸುಮಾರು ಹತ್ತೂವರೆ ಸೆಂ.ಮೀ. ಅಗಲ, ಹದಿನೈದು ಸೆಂ.ಮೀ. ಉದ್ದದ ಚೀಟಿಯಾಗುತ್ತದೆ. ನಮ್ಮ ಕಾದಂಬರಿಗಳು ಹೆಚ್ಚಾಗಿ ಡೆಮಿ 1/8 (ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಉದ್ದ) ಆಕಾರದಲ್ಲಿ ಬರುವುದರಿಂದ ಈ ಚೀಟಿ ಪುಟದೊಳಗೆ ಸರಿಯಾಗಿ ಕೂರುತ್ತದೆ, ಪುಟದ ಗುರುತಿಗೂ ಆಗುತ್ತದೆ. ಓದುತ್ತಾ ಎಲ್ಲಿ ನಿಲ್ಲಬೇಕೆನಿಸಿತೋ ಅಲ್ಲಿ ಪುಟಸಂಖ್ಯೆ ಮತ್ತು ನಾಲ್ಕೈದು ಪದ ಬರೆಯಬೇಕು, ಅಷ್ಟೇ. ವಾಕ್ಯ ಮಾಡಲು ಹೋದರೆ ಓದು ಕಡಿಯುತ್ತದೆ. ಬರಿಯ ಪುಟಸಂಖ್ಯೆ ಹಾಕಿದರೆ ಆಮೇಲೆ ತಿರುಗಿ ನೋಡಿದಾಗ ಆ ಪುಟದಲ್ಲಿ ಏನನ್ನು ಗುರುತಿಸಿದ್ದು ಎಂದು ತಿಳಿಯುವುದಿಲ್ಲ. ಸಂತೋಷವಾದ ಕಡೆ ಮಾತ್ರವಲ್ಲ, ಬೇಸರ ಬಂದ ಕಡೆ, ಅರ್ಥವಾಗದ ಕಡೆ, ನಂಬಿಕೆ ಬಾರದ ಕಡೆಯೂ ಗುರುತು ಬೀಳಬೇಕು. ಟಿಪ್ಪಣಿಯನ್ನು ಎತ್ತಿ ನಿಲ್ಲಿಸುವುದು ಹೆಚ್ಚಾಗಿ ಈ ಕೊನೆಯ ಮೂರು. 250 ಪುಟದ ಕಾದಂಬರಿಗೆ ಹನ್ನೆರಡರಿಂದ ಹದಿನೈದು ಗುರುತು ಸಾಕು. ನಲವತ್ತು ದಾಟಿತೆಂದರೆ ಓದುಗರು ಆರಿಸುತ್ತಿಲ್ಲ, ನಕಲು ಮಾಡುತ್ತಿದ್ದಾರೆ ಎಂದೇ ಅರ್ಥ. ಗ್ರಂಥಾಲಯದ ಪುಸ್ತಕಕ್ಕೆ ಪೆನ್ನು ತಾಗಿಸಬಾರದು. ಅಂಟುಚೀಟಿಯೂ ಬೇಡ. ಹಳೆಯ ಪುಸ್ತಕಗಳ ಕಾಗದ ಹಣ್ಣಾಗಿ ಪುಡಿಯಾಗುವಂತಿರುತ್ತದೆ, ಅಂಟು ಕೀಳುವಾಗ ಅಕ್ಷರವೂ ಕಿತ್ತು ಬರುತ್ತದೆ.

ಪುಸ್ತಕ ಮುಗಿದ ದಿನವೋ ಮಾರನೆಯ ದಿನವೋ ಹದಿನೈದು ನಿಮಿಷ ಕೂತು, ಪುಸ್ತಕವನ್ನೂ ಚೀಟಿಯನ್ನೂ ಮುಚ್ಚಿಟ್ಟು, ಉಳಿದದ್ದನ್ನು ಬರೆಯುವುದು ಎರಡನೆಯ ಹಂತ. ಆಮೇಲೆ ಚೀಟಿ ತೆಗೆದು ಹೋಲಿಸಬೇಕು. ನೆನಪಿನಲ್ಲಿ ಉಳಿದದ್ದು ಚೀಟಿಯಲ್ಲಿ ಇಲ್ಲದಿದ್ದರೆ ಆ ಪುಟಕ್ಕೆ ಹೋಗಿ ನೋಡಬೇಕು. ಎಷ್ಟೋ ಸಲ ನಾವು ನೆನಪಿಟ್ಟುಕೊಂಡ ಸಾಲು ಪುಸ್ತಕದಲ್ಲಿ ಬೇರೆ ರೀತಿ ಇರುತ್ತದೆ, ಅಥವಾ ಬೇರೆ ಪಾತ್ರ ಆಡಿದ್ದಾಗಿರುತ್ತದೆ. ಚೀಟಿಯಲ್ಲಿದ್ದೂ ನೆನಪಿನಿಂದ ಜಾರಿದ್ದನ್ನು ಬಿಟ್ಟರೆ ನಷ್ಟವಿಲ್ಲ. ಎರಡೂ ಕಡೆ ಇರುವ ಎರಡು ಮೂರು ಜಾಗಗಳೇ ಟಿಪ್ಪಣಿಯ ತಿರುಳು. ಮುನ್ನುಡಿ, ಬೆನ್ನುಡಿಗಳನ್ನು ಓದುವುದಾದರೆ ಇದೆಲ್ಲ ಮುಗಿದ ಮೇಲೆ ಓದಲಿ. ಆಗ ಮುನ್ನುಡಿಕಾರರ ಮಾತನ್ನು ಒಪ್ಪಲೂಬಹುದು, ನಿಂತು ವಾದಿಸಲೂಬಹುದು.

ಪಾತ್ರಗಳು ಹೆಚ್ಚಿರುವ ದೊಡ್ಡ ಕಾದಂಬರಿಗೆ ಇಷ್ಟು ಸಾಲದು. ‘ಮಲೆಗಳಲ್ಲಿ ಮದುಮಗಳು’ ಓದಲು ಹಿಡಿದು ನೂರು ಪುಟದೊಳಗೆ ಬಿಟ್ಟವರು ಬಹಳ ಮಂದಿ. ಕಾರಣ ಭಾಷೆಯಲ್ಲ, ಹೆಸರುಗಳು. ಪಾತ್ರಗಳ ಪಟ್ಟಿ ಮಾಡಿಕೊಳ್ಳಿ ಎಂಬ ಸಲಹೆ ಸಾಮಾನ್ಯ. ಆದರೆ ಪಟ್ಟಿಯೂ ಐವತ್ತು ಪುಟದಲ್ಲಿ ಕೈಮೀರುತ್ತದೆ. ಈ ಕಾದಂಬರಿ ನಡೆಯುವುದು ಮನೆಗಳ ನಡುವೆ. ಆದ್ದರಿಂದ ಅರ್ಧ ಹಾಳೆಯ ಮೇಲೆ ಮನೆಗೊಂದು ವೃತ್ತ ಎಳೆಯಬೇಕು: ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ. ಸಿಂಬಾವಿಯ ವೃತ್ತದೊಳಗೆ ಭರಮೈಹೆಗ್ಗಡೆ, ಗುತ್ತಿ, ಬೆಟ್ಟಳ್ಳಿಯಲ್ಲಿ ದೇವಯ್ಯ, ತಿಮ್ಮಿ, ಕೋಣೂರಿನಲ್ಲಿ ಮುಕುಂದಯ್ಯ, ಹೂವಳ್ಳಿಯಲ್ಲಿ ಚಿನ್ನಮ್ಮ. ಆಳುಗಳನ್ನೂ ಒಡೆಯರನ್ನೂ ಒಂದೇ ವೃತ್ತದಲ್ಲಿ ಬರೆಯುವುದು ಮುಖ್ಯ, ಏಕೆಂದರೆ ಯಾರು ಯಾರ ಹಂಗಿನಲ್ಲಿದ್ದಾರೆ ಎಂಬುದರ ಮೇಲೆ ಕಥೆ ನಿಂತಿದೆ. ಒಂದು ವೃತ್ತದಿಂದ ಇನ್ನೊಂದಕ್ಕೆ ಯಾರು ನಡೆದುಹೋದರೂ ಒಂದು ಗೆರೆ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಗೆರೆಯೂ, ಮುಕುಂದಯ್ಯ ಚಿನ್ನಮ್ಮರನ್ನು ಜೋಡಿಸುವ ಗೆರೆಯೂ ಹಾಳೆಯ ಮೇಲೆ ಅಕ್ಕಪಕ್ಕ ಬಿದ್ದಾಗ, ಕಾದಂಬರಿ ಎರಡು ಜಾತಿ, ಎರಡು ಅಂತಸ್ತಿನ ಜೋಡಿಗಳನ್ನು ಹೇಗೆ ಜೊತೆಯಾಗಿ ನಡೆಸಿದೆ ಎಂದು ಯಾರೂ ಹೇಳಿಕೊಡದೆ ಕಾಣುತ್ತದೆ. ಇದನ್ನು ಬರೆದರೆ ಅದು ಓದುಗರ ಸ್ವಂತದ್ದು.

ಇದೇ ಲೇಖಕರ ‘ಕಾನೂರು ಹೆಗ್ಗಡಿತಿ’ (1936) ಕಾದಂಬರಿಯನ್ನೂ ಅದೇ ತಿಂಗಳು ಓದುವುದನ್ನು ಮಾತ್ರ ನಾನು ಬೇಡ ಎನ್ನುತ್ತೇನೆ. ಎರಡರಲ್ಲೂ ಮಲೆನಾಡು, ಎರಡರಲ್ಲೂ ದೊಡ್ಡ ಮನೆಗಳು, ಎರಡರಲ್ಲೂ ಹೆಗ್ಗಡೆಗಳು. ತಿಂಗಳ ಕೊನೆಗೆ ಹೂವಯ್ಯ ಯಾವುದರಲ್ಲಿ, ಮುಕುಂದಯ್ಯ ಯಾವುದರಲ್ಲಿ ಎಂದು ಕಲಸಿಹೋಗುತ್ತದೆ. ಎರಡರ ನಡುವೆ ಮೂವತ್ತೊಂದು ವರ್ಷದ ಅಂತರವಿದೆ. ಬರೆದವರ ದೃಷ್ಟಿ ಎಲ್ಲಿ ಬದಲಾಗಿದೆ ಎಂದು ನೋಡಬೇಕಾದರೆ ಓದಿನಲ್ಲೂ ಒಂದೆರಡು ತಿಂಗಳ ಬಿಡುವು ಬೇಕು.

ಸಣ್ಣ ಕಾದಂಬರಿಗೆ ಬೇರೆ ದಾರಿ: ಒಂದು ವಸ್ತುವನ್ನು ಹಿಡಿದು ಹೋಗುವುದು. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ‘ಶೋಷಿತರ ಬದುಕಿನ ಹೃದಯವಿದ್ರಾವಕ ಚಿತ್ರ’ ಎಂದು ಬರೆದರೆ ತಪ್ಪೇನಿಲ್ಲ, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು ಚೋಮ ದುಡಿಯನ್ನು ಯಾವ ಯಾವ ಪುಟದಲ್ಲಿ ಕೈಗೆತ್ತಿಕೊಳ್ಳುತ್ತಾನೆ ಎಂದು ಗುರುತು ಹಾಕುತ್ತಾ ಓದಬೇಕು. ಪ್ರತಿ ಗುರುತಿನ ಮುಂದೆ ಆ ಹೊತ್ತಿಗೆ ಅವನಿಗೆ ಏನಾಗಿತ್ತು ಎಂದು ಎರಡು ಪದ. ಸಿಟ್ಟಿಗೂ ಅದೇ, ಸಂಕಟಕ್ಕೂ ಅದೇ, ಕುಡಿದ ಅಮಲಿಗೂ ಅದೇ. ಬಾಯಲ್ಲಿ ಆಡಲಾಗದ್ದೆಲ್ಲ ಅದರ ಮೂಲಕ ಹೊರಬರುತ್ತದೆ. ಇನ್ನೊಂದು ಹಾಳೆಯಲ್ಲಿ ಎತ್ತುಗಳು. ಎತ್ತುಗಳಿದ್ದೂ ಉಳಲು ಸ್ವಂತಕ್ಕೆ ತುಂಡು ಗದ್ದೆಯಿಲ್ಲದ ಮನುಷ್ಯನ ಕಥೆ ಇದು, ಎತ್ತುಗಳ ಮಾತು ಬರುವ ಪುಟಗಳನ್ನು ಸಾಲಾಗಿಟ್ಟು ನೋಡಿದರೆ ಅವನ ಆಸೆಯ ಏರಿಳಿತ ಪೂರ್ತಿ ಸಿಗುತ್ತದೆ. ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಸಿನಿಮಾವನ್ನು ನೋಡಿದವರ ಟಿಪ್ಪಣಿಗೆ ಸಿನಿಮಾದ ದೃಶ್ಯಗಳು ಗೊತ್ತಿಲ್ಲದಂತೆ ಸೇರಿಕೊಳ್ಳುತ್ತವೆ. ಸಿನಿಮಾ ಆಗಿರುವ ‘ಸಂಸ್ಕಾರ’ ಕಾದಂಬರಿಯ ಬಗ್ಗೆ ಬರೆಯುವವರಿಗೂ ಇದೇ ತೊಡಕು. ಪುಟಸಂಖ್ಯೆ ಬರೆಯುವ ಅಭ್ಯಾಸವಿದ್ದರೆ ಇದು ತಾನಾಗಿ ತಪ್ಪುತ್ತದೆ, ಸಿನಿಮಾದಲ್ಲಿ ಮಾತ್ರ ಇರುವುದಕ್ಕೆ ಪುಟಸಂಖ್ಯೆ ಸಿಗುವುದಿಲ್ಲ.

ಕಥಾಸಾರಾಂಶದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೂರು ವಾಕ್ಯ ಮೀರಬಾರದು. ತೇಜಸ್ವಿಯವರ ‘ಕರ್ವಾಲೊ’ (1980) ಸಾರಾಂಶ ಬರೆದರೆ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋದರು ಎಂಬ ಒಂದು ಮಾತು ಉಳಿಯುತ್ತದೆ. ಮಂದಣ್ಣ, ಪ್ಯಾರ, ಕಿವಿ ಎಂಬ ನಾಯಿ ಎಲ್ಲರೂ ಬಿಟ್ಟುಹೋಗುತ್ತಾರೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ವಿಜ್ಞಾನಿ ಏನು ಕಂಡ ಎಂಬುದಂತೂ ಸಾರಾಂಶಕ್ಕೆ ಸಿಗುವುದೇ ಇಲ್ಲ.

ಕಥಾಸಂಕಲನಗಳ ಟಿಪ್ಪಣಿಯಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣುತ್ತದೆ: ಹನ್ನೆರಡು ಕಥೆಗಳಿದ್ದರೆ ಮೊದಲ ಕಥೆ ಮತ್ತು ಶೀರ್ಷಿಕೆಯ ಕಥೆ ಎರಡರ ಬಗ್ಗೆ ಮಾತ್ರ ಬರೆದಿರುತ್ತಾರೆ. ಒಂದೇ ಕೂರಿಕೆಯಲ್ಲಿ ಐದಾರು ಕಥೆ ಓದಿದರೆ ಹಾಗಾಗದೆ ಇರುವುದಿಲ್ಲ, ಮೂರನೆಯ ಕಥೆಯ ಅತ್ತೆ ಐದನೆಯದಕ್ಕೆ ಬಂದಿರುತ್ತಾಳೆ. ದಿನಕ್ಕೆ ಎರಡು ಕಥೆ, ಪ್ರತಿ ಕಥೆ ಮುಗಿದ ಕೂಡಲೇ ಪರಿವಿಡಿಯ ನಕಲಿನಲ್ಲಿ ಅದರ ಹೆಸರಿನ ಮುಂದೆ ಒಂದು ಸಾಲು. ವಾರಕ್ಕೆ ಸಂಕಲನ ಮುಗಿಯುತ್ತದೆ, ಒಂದೂ ಕಳೆಯುವುದಿಲ್ಲ. ಕವನ ಸಂಕಲನವನ್ನು ‘ಓದಿ ಮುಗಿಸಿದ’ ಪುಸ್ತಕಗಳ ಲೆಕ್ಕಕ್ಕೆ ಸೇರಿಸುವುದೇ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ ನಾಲ್ಕು ಕವಿತೆ ಆರಿಸಿ, ಒಂದನ್ನಾದರೂ ಕೈಯಾರೆ ನಕಲು ಮಾಡಿ, ಅದರ ಬಗ್ಗೆ ಮಾತ್ರ ಬರೆದರೆ ಕವಿಗೆ ನ್ಯಾಯ ಸಲ್ಲುತ್ತದೆ.

ಹಳೆಯ ಕಾವ್ಯ ಓದುವವರು ನಿಮ್ಮ ಅಂಕಣದಲ್ಲಿ ಕಾಣುತ್ತಲೇ ಇಲ್ಲ, ಅವರನ್ನು ಕರೆಯಬೇಕು. ಕುಮಾರವ್ಯಾಸ ಭಾರತ ಹತ್ತು ಪರ್ವ. ಅದನ್ನು ತಿಂಗಳಲ್ಲಿ ಮುಗಿಸಿದೆ ಎಂದು ಯಾರೂ ಬರೆಯಬೇಕಾಗಿಲ್ಲ, ಎರಡು ಸಂಧಿ (ಅಧ್ಯಾಯ) ಓದಿದೆ ಎಂದರೂ ಸಾಕು. ಆದರೆ ಗಟ್ಟಿಯಾಗಿ ಓದಿರಬೇಕು. ಹೊಸಬರು ಎಡವುವುದು ಶಬ್ದಾರ್ಥದಲ್ಲಿ ಎಂದು ತಿಳಿಯುತ್ತೇವೆ, ಅದಕ್ಕೂ ಮುಂಚೆ ಎಡವುವುದು ಸಾಲಿನ ಕೊನೆಯಲ್ಲಿ. ಈ ಕಾವ್ಯದ ಛಂದಸ್ಸಾದ ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಮಾತ್ರೆ ತುಂಬಿದ ಕೂಡಲೇ ಸಾಲು ಮುಗಿಯುತ್ತದೆ, ಪದ ಮುಗಿದಿರಬೇಕೆಂದಿಲ್ಲ. ಕಾವ್ಯದ ಮೊಟ್ಟಮೊದಲ ಪದ್ಯವನ್ನೇ ನೋಡಿ. ಮೊದಲ ಸಾಲು ‘ಶ್ರೀವನಿತೆಯರಸನೆ ವಿಮಲ ರಾ’ ಎಂದು ಮುಗಿದು, ಎರಡನೆಯದು ‘ಜೀವಪೀಠನ ಪಿತನೆ’ ಎಂದು ಶುರುವಾಗುತ್ತದೆ. ಸಾಲಿನ ಕೊನೆಗೆ ನಿಂತರೆ ‘ರಾ’ ಒಂದು ಕಡೆ, ‘ಜೀವ’ ಇನ್ನೊಂದು ಕಡೆ ಆಗಿ ತಾವರೆಯೇ ಮಾಯವಾಗುತ್ತದೆ. ‘ರಾಜೀವಪೀಠ’ ಎಂದು ಕೂಡಿಸಿ ಓದಿದರೆ ತಾವರೆಯನ್ನೇ ಪೀಠ ಮಾಡಿಕೊಂಡ ಬ್ರಹ್ಮ, ಅವನ ತಂದೆ ವಿಷ್ಣು ಎಂದು ತಾನಾಗಿ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ಸಲ ಮಾತ್ರೆಯ ಲಯಕ್ಕೆ, ಎರಡನೆಯ ಸಲ ಪದ ಬಿಡಿಸಿಕೊಂಡು, ಮೂರನೆಯ ಸಲ ಅರ್ಥ ನೋಡಿಕೊಂಡು ಓದಬೇಕು. ಗಮಕಿಗಳು ಹಾಡುವುದನ್ನು ಕೇಳಿಸಿಕೊಂಡರೆ ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಬೇಗ ಹತ್ತುತ್ತದೆ. ಗಟ್ಟಿಯಾಗಿ ಓದುವ ಈ ಉಪಾಯ ಹಳಗನ್ನಡ, ನಡುಗನ್ನಡಕ್ಕೆ ಮಾತ್ರ ಸೀಮಿತವಲ್ಲ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಅರ್ಥವಾಗಲಿಲ್ಲ ಎಂದು ಬಿಟ್ಟವರು ಅದನ್ನು ಬಾಯಿಬಿಟ್ಟು ಓದಿ ನೋಡಬೇಕು. ಕಣ್ಣಿಗೆ ಅಪರಿಚಿತವಾದ ನಂಜನಗೂಡು ಸೀಮೆಯ ಆ ಮಾತು ಕಿವಿಗೆ ಬಿದ್ದಾಗ ಅರ್ಧಕ್ಕರ್ಧ ಗೊತ್ತಿರುವುದೇ ಆಗಿರುತ್ತದೆ.

ಇತಿಹಾಸ, ವಿಜ್ಞಾನ, ಜೀವನಚರಿತ್ರೆ ಓದುವವರು ಪುಸ್ತಕದ ಹಿಂಭಾಗವನ್ನು ಮೊದಲು ನೋಡಲಿ. ಪದಸೂಚಿ ಇದೆಯೇ, ಆಕರಗಳ ಪಟ್ಟಿ ಇದೆಯೇ, ಅಡಿಟಿಪ್ಪಣಿ ಇದೆಯೇ ಎಂದು ಒಂದು ಸಾಲಿನಲ್ಲಿ ಬರೆದರೂ ಓದುಗರಿಗೆ ಉಪಕಾರ. ಕನ್ನಡದಲ್ಲಿ ಪದಸೂಚಿಯೇ ಇಲ್ಲದ ಐನೂರು ಪುಟದ ಸಂಶೋಧನ ಗ್ರಂಥಗಳು ಬರುತ್ತಲೇ ಇವೆ, ಇದನ್ನು ಯಾರಾದರೂ ಹೇಳುತ್ತಿರಬೇಕು. ಮತ್ತೆ, ಪುಸ್ತಕದ ಒಂದು ಹೇಳಿಕೆಯನ್ನಾದರೂ ಇನ್ನೊಂದು ಪುಸ್ತಕದಲ್ಲಿ ಪರಿಶೀಲಿಸಬೇಕು. ಕನ್ನಡದ ಮೊದಲ ಶಾಸನ ಯಾವುದು ಎಂಬಂಥ ಸರಳ ವಿಷಯವನ್ನೇ ತೆಗೆದುಕೊಳ್ಳಿ. ಹಲವು ಪುಸ್ತಕಗಳು ಕ್ರಿ.ಶ. ಸುಮಾರು 450ರ ಹಲ್ಮಿಡಿ ಶಾಸನ ಎಂದು ಹೇಳಿ ಮುಗಿಸುತ್ತವೆ, ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ದೊರೆತ ಸಿಂಹಕಟಾಂಜನ ಶಾಸನ ಅದಕ್ಕೂ ಹಿಂದಿನದು ಎಂಬ ವಾದವನ್ನು ಹೊಸ ಪುಸ್ತಕಗಳು ಮುಂದಿಡುತ್ತವೆ. ಕೈಯಲ್ಲಿರುವ ಪುಸ್ತಕ ಯಾವ ವರ್ಷದ್ದು, ಮರುಮುದ್ರಣದಲ್ಲಿ ತಿದ್ದುಪಡಿ ಆಗಿದೆಯೇ ಎಂಬುದು ಇಲ್ಲಿ ದೊಡ್ಡ ವಿಷಯ.

ಆ ಕಾರಣಕ್ಕೇ ಟಿಪ್ಪಣಿಯ ತಲೆಯಲ್ಲಿ ಪುಸ್ತಕದ ವಿವರ ಸರಿಯಾಗಿ ಇರಬೇಕು. ಅದಕ್ಕೆ ಮುಖಪುಟ ನೋಡಿದರೆ ಸಾಲದು, ಅದರ ಒಳಗಿನ ಅಚ್ಚಿನ ವಿವರಗಳ ಪುಟ ತೆರೆಯಬೇಕು. ಮೊದಲ ಮುದ್ರಣದ ವರ್ಷ, ಕೈಯಲ್ಲಿರುವ ಮುದ್ರಣದ ವರ್ಷ, ಪುಟ, ಬೆಲೆ, ಪ್ರಕಾಶಕರ ಊರು ಎಲ್ಲವೂ ಅಲ್ಲಿರುತ್ತವೆ. ಮರುಮುದ್ರಣ ಬೇರೆ, ಪರಿಷ್ಕೃತ ಆವೃತ್ತಿ ಬೇರೆ. ಬೇರೆ ಬೇರೆ ಮುದ್ರಣಗಳಲ್ಲಿ ಪುಟಸಂಖ್ಯೆ ಬದಲಾಗುವುದರಿಂದ, ಯಾವ ಮುದ್ರಣ ಎಂದು ಹೇಳದೆ ಪುಟಸಂಖ್ಯೆ ಕೊಟ್ಟರೆ ಇನ್ನೊಬ್ಬರಿಗೆ ಉಪಯೋಗವಿಲ್ಲ. ಪುಸ್ತಕ ಕೊಂಡದ್ದೇ, ಗ್ರಂಥಾಲಯದ್ದೇ, ಲೇಖಕರೋ ಪ್ರಕಾಶಕರೋ ಕಳಿಸಿದ ಗೌರವ ಪ್ರತಿಯೇ ಎಂಬುದನ್ನೂ ಬರೆಯಬೇಕು. ಕೇಳುಪುಸ್ತಕವಾದರೆ ಕೇಳಿದ್ದು ಎಂದೇ ಬರೆಯಲಿ, ಓದಿದವರ ಧ್ವನಿಯೂ ಆ ಅನುಭವದ ಭಾಗ.

ಅನುವಾದಕರ ಹೆಸರು ಬಿಟ್ಟುಹೋಗುವುದು ಅಂಕಣದ ದೊಡ್ಡ ಲೋಪ. 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಹಣವನ್ನು ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಇಬ್ಬರಿಗೂ ಸಮನಾಗಿ ಹಂಚಲಾಯಿತು, ಆ ಪ್ರಶಸ್ತಿಯ ನಿಯಮವೇ ಹಾಗಿದೆ. ಆದರೆ ಆ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ ಬಗ್ಗೆ ಬರುವ ಓದುಗರ ಟಿಪ್ಪಣಿಗಳಲ್ಲಿ ಎರಡನೆಯ ಹೆಸರು ಕೈಬಿಟ್ಟಿರುವುದುಂಟು. ಆ ಇಂಗ್ಲಿಷ್ ಸಂಕಲನದಲ್ಲಿರುವುದು ಬೇರೆ ಬೇರೆ ಕಾಲದಲ್ಲಿ ಬರೆದ ಕಥೆಗಳಿಂದ ಆಯ್ದ ಹನ್ನೆರಡು. ಆದ್ದರಿಂದ ಇಂಗ್ಲಿಷಿನಲ್ಲಿ ಓದಿದವರು ಹಾಗೆಂದು ಹೇಳಬೇಕು, ಕನ್ನಡದಲ್ಲಿ ಓದಿದವರು ಯಾವ ಸಂಕಲನ ಎಂದು ಹೇಳಬೇಕು. ಎರಡೂ ಭಾಷೆ ಬಲ್ಲವರು ಒಂದು ಕಥೆಯನ್ನಾದರೂ ಎದುರುಬದುರು ಇಟ್ಟು ಓದಿ ಬರೆದರೆ, ಅದು ಈ ಅಂಕಣದಲ್ಲಿ ಮಾತ್ರ ಸಿಗುವಂಥ ಬರಹವಾಗುತ್ತದೆ. ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದ ಪುಸ್ತಕದ ಮೂಲ ಗೊತ್ತಿಲ್ಲದವರು ‘ಅನುವಾದ ಮೂಲಕ್ಕೆ ನಿಷ್ಠವಾಗಿದೆ’ ಎನ್ನಬಾರದು. ಕನ್ನಡ ಎಲ್ಲಿ ತೊಡರುತ್ತದೆ, ಸಂಭಾಷಣೆ ಎಲ್ಲಿ ಬಾಯಿಗೆ ಹತ್ತುವುದಿಲ್ಲ ಎಂದು ಎರಡು ಪುಟ ತೋರಿಸಿದರೆ ಸಾಕು.

ಈಗ ಲೆಕ್ಕದ ಮಾತು. ಗಮನವಿಟ್ಟು ಓದಿದರೆ ಡೆಮಿ 1/8 ಆಕಾರದ ಪುಸ್ತಕದಲ್ಲಿ ಗಂಟೆಗೆ 25ರಿಂದ 30 ಪುಟ ಸಾಗುತ್ತದೆ. 250 ಪುಟದ ಕಾದಂಬರಿಗೆ ಎಂಟರಿಂದ ಹತ್ತು ಗಂಟೆ ಬೇಕು. ದಿನಕ್ಕೆ ಒಂದು ಗಂಟೆ ತೆಗೆದಿಟ್ಟವರಿಗೆ ತಿಂಗಳಿಗೆ ಮೂರು ಪುಸ್ತಕ, ಅದೇ ಒಳ್ಳೆಯ ಓದು. ಅಂಕಣದ ತಲೆಬರಹದಲ್ಲಿ ‘ಈ ತಿಂಗಳು ಓದಿದ್ದು: 12’ ಎಂದು ದಪ್ಪಕ್ಷರದಲ್ಲಿ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಆ ಸಂಖ್ಯೆಯನ್ನು ನೋಡಿದ ಮುಂದಿನ ಓದುಗರು ತಾವೂ ಹನ್ನೆರಡಕ್ಕೆ ಏರಲು 80 ಪುಟದ ಪುಸ್ತಕಗಳನ್ನು ಹುಡುಕುತ್ತಾರೆ, ದೊಡ್ಡ ಪುಸ್ತಕಗಳು ಕಪಾಟಿನಲ್ಲೇ ಉಳಿಯುತ್ತವೆ. ತಿಂಗಳು ಎಂಬ ಅಳತೆಯಿಂದ ಲಾಭವಿರುವುದು ಬೇರೆ ಕಡೆ: ಪುಸ್ತಕಗಳು ಅಕ್ಕಪಕ್ಕ ಬರುತ್ತವೆ. ‘ಪರ್ವ’ದಂಥ ದೊಡ್ಡ ಕಾದಂಬರಿ ಮುಗಿಸಿದ ಮರುದಿನ ಹಿಡಿದ ಪುಸ್ತಕ ಎಷ್ಟು ಚೆನ್ನಾಗಿದ್ದರೂ ಪೇಲವವಾಗಿ ಕಾಣುತ್ತದೆ. ಅದು ಆ ಪುಸ್ತಕದ ತಪ್ಪಲ್ಲ, ಸರದಿಯ ಪರಿಣಾಮ. ಆದ್ದರಿಂದ ಪುಸ್ತಕಗಳನ್ನು ಓದಿದ ಕ್ರಮದಲ್ಲೇ ಬರೆಯಬೇಕು, ಇಷ್ಟವಾದ ಕ್ರಮದಲ್ಲಿ ಅಲ್ಲ.

ಜಾಗವನ್ನು ಸಮನಾಗಿ ಹಂಚುವ ಈಗಿನ ಪದ್ಧತಿಯೂ ಬೇಡ. ನಾಲ್ಕು ಪುಸ್ತಕಕ್ಕೆ ತಲಾ 120 ಪದ ಕೊಟ್ಟರೆ ನಾಲ್ಕರ ಬಗ್ಗೆಯೂ ವಿಶೇಷಣ ಬಿಟ್ಟು ಇನ್ನೇನೂ ಹೇಳಲಾಗುವುದಿಲ್ಲ. ಒಂದಕ್ಕೆ 350 ಪದ, ಉಳಿದ ಮೂರಕ್ಕೆ ತಲಾ ಎರಡು ಮೂರು ಸಾಲು ಎಂದು ಬದಲಿಸಿದರೆ, ಒಂದು ಪುಸ್ತಕವನ್ನಾದರೂ ಹತ್ತಿರದಿಂದ ತೋರಿಸಬಹುದು. ಅರ್ಧಕ್ಕೆ ಬಿಟ್ಟ ಪುಸ್ತಕಗಳಿಗೂ ಅವಕಾಶ ಕೊಡಿ. ಎಷ್ಟನೇ ಪುಟದಲ್ಲಿ ಬಿಟ್ಟದ್ದು, ಯಾಕೆ ಎಂದು ಹೇಳಿದರೆ ಆ ಪುಸ್ತಕಕ್ಕೆ ಅವಮಾನವೇನಲ್ಲ. ಸಂಭಾಷಣೆ ಕೃತಕವಾಯಿತೋ, ಅಧ್ಯಾಯಗಳು ಒಂದನ್ನೊಂದು ಮುಟ್ಟಲಿಲ್ಲವೋ, ಅಕ್ಷರ ಸಣ್ಣದಾಗಿ ಕಣ್ಣಿಗೆ ದಣಿವಾಯಿತೋ, ಕಾರಣ ಬೇರೆ ಬೇರೆ. ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ, ಬೈಂಡಿಂಗ್ ಬಿಗಿಯಾಗಿ ಒಳಅಂಚು ನುಂಗಿಹೋಗುವುದು, ಇವು ಹಿರಿಯ ಓದುಗರಿಗೆ ಬಹಳ ಮುಖ್ಯ, ವಿಮರ್ಶೆಗಳಲ್ಲಿ ಎಂದೂ ಬರುವುದಿಲ್ಲ.

ಅಚ್ಚಿನ ದೋಷವನ್ನು ಲೇಖಕರ ತಲೆಗೆ ಕಟ್ಟುವಾಗ ಮಾತ್ರ ವಿವೇಚನೆ ಇರಲಿ. ಹಳೆಯ ಡಿಟಿಪಿ ಫಾಂಟುಗಳಲ್ಲಿದ್ದ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರ ಜಾರುವುದು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗುವುದು, ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ ಕೂರುವುದು ಸಾಮಾನ್ಯ. ಕೊನೆಯದು ಕಣ್ಣಿಗೆ ಕಾಣುವುದೇ ಇಲ್ಲ, ಎರಡರ ಆಕಾರವೂ ಒಂದೇ. ಆದರೆ ಇ-ಪುಸ್ತಕದಲ್ಲಿ ಆ ಪದವನ್ನು ಹುಡುಕಿದರೆ ಸಿಗುವುದಿಲ್ಲ. ಒಂದೇ ಬಗೆಯ ತಪ್ಪು ಪುಸ್ತಕದುದ್ದಕ್ಕೂ ಇದ್ದರೆ ಅದು ಪರಿವರ್ತನೆಯ ದೋಷ, ಕರಡು ತಿದ್ದದೆ ಬಿಟ್ಟದ್ದು. ನಿಮ್ಮ ಅಂಕಣಕ್ಕೆ ಬರಹ ಕಳಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ: ನೇರ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿದರೆ ಅರ್ಧ ತಪ್ಪು ಕಡಿಮೆ.

ಸಾಲುಗಳನ್ನು ಎತ್ತಿ ಬರೆಯುವ ಬಗ್ಗೆ ಕೆಲವರಿಗೆ ಅನುಮಾನವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ನ್ಯಾಯಯುತ ಪ್ರಮಾಣದ ಉಲ್ಲೇಖಕ್ಕೆ ಅವಕಾಶ ಕೊಡುತ್ತದೆ. ಎರಡು ಮೂರು ವಾಕ್ಯ ಎತ್ತಿ ಬರೆದು ಅದರ ಬಗ್ಗೆ ಮಾತಾಡುವುದು ವಿಮರ್ಶೆ. ಇಡೀ ಕವಿತೆ ಹಾಕಿ ಕೆಳಗೆ ‘ಅದ್ಭುತ’ ಎಂದು ಬರೆಯುವುದು ವಿಮರ್ಶೆಯಲ್ಲ. ಎತ್ತಿದ ಸಾಲನ್ನು ಪುಸ್ತಕದಲ್ಲಿರುವ ಹಾಗೆಯೇ, ಅದೇ ಕಾಗುಣಿತದಲ್ಲಿ, ಪುಟಸಂಖ್ಯೆಯೊಂದಿಗೆ ಕೊಡಬೇಕು.

ಬರಹ ಕಳಿಸಲು ಈಗ ನೀವು ಇಟ್ಟಿರುವ ತಿಂಗಳ ಕೊನೆಯ ದಿನದ ಗಡುವನ್ನು ಮುಂದಿನ ತಿಂಗಳ 10ನೇ ತಾರೀಖಿಗೆ ಸರಿಸಿದರೆ, ಕೊನೆಯ ವಾರ ಓದಿದ ಪುಸ್ತಕಕ್ಕೂ ಮನಸ್ಸಿನಲ್ಲಿ ಕೂರಲು ಸಮಯ ಸಿಗುತ್ತದೆ. ಮತ್ತೊಂದು ಬೇಡಿಕೆ ಊರುಗಳಲ್ಲಿರುವ ಓದುಗರ ಪರವಾಗಿ. ಟಿಪ್ಪಣಿಯ ಕೊನೆಗೆ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಒಂದು ಸಾಲು ಹಾಕಿ. ಅಚ್ಚಿನಲ್ಲಿದ್ದರೆ ಪ್ರಕಾಶಕರ ಹೆಸರು, ಊರು, ಬೆಲೆ. ಅಚ್ಚಿನಲ್ಲಿಲ್ಲದಿದ್ದರೆ ಯಾವ ಗ್ರಂಥಾಲಯದಲ್ಲಿದೆ ಎಂಬುದು. ಭಾರತದ ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಬಹಳಷ್ಟಿವೆ. ಹೆಸರುಗಳು ರೋಮನ್ ಲಿಪಿಯಲ್ಲಿ ಹೇಗೆಂದರೆ ಹಾಗೆ ನಮೂದಾಗಿರುವುದರಿಂದ ಎರಡು ಮೂರು ಕಾಗುಣಿತದಲ್ಲಿ ಹುಡುಕಬೇಕು, ಸಿಕ್ಕ ಮೇಲೆ ಪುಟಗಳು ಪೂರ್ತಿ ಇವೆಯೇ ಎಂದು ಎಣಿಸಿಕೊಂಡು ಓದಬೇಕು. ಹೀಗೆ ಹುಡುಕಿ ಓದಿದವರು ಯಾವ ಹೆಸರಿನಲ್ಲಿ ಸಿಕ್ಕಿತು, ಎಷ್ಟು ಪುಟ ಕಾಣೆಯಾಗಿವೆ ಎಂದು ಟಿಪ್ಪಣಿಯಲ್ಲೇ ತಿಳಿಸಿದರೆ ಹಿಂದೆ ಬರುವವರಿಗೆ ಅಷ್ಟು ಶ್ರಮ ಉಳಿಯುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ಶಿವಮೊಗ್ಗ